ದೀರ್ಘಕಾಲದ ಕಾಯಿಲೆ ಮತ್ತು ಮೃದು ಪ್ರೇರಣೆ

ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರಿಗೆ ಪಥ್ಯ ತಿಳಿಯದೆಂದಲ್ಲ, ನಿತ್ಯಪಾಲನೆಯೇ ಕಷ್ಟ. ಮುಂದುವರಿದ ದೇಶಗಳಲ್ಲಿಯೂ ದೀರ್ಘಕಾಲದ ಚಿಕಿತ್ಸೆಯನ್ನು ಸರಾಸರಿ ಅರ್ಧದಷ್ಟು ರೋಗಿಗಳು ಮಾತ್ರ ಪಾಲಿಸುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲಿ ವರದಿ ಮಾಡಿತು.

ನಿರ್ಬಂಧ, ದಂಡಗಳಿಲ್ಲದೆ ಆಯ್ಕೆಯ ಸನ್ನಿವೇಶವನ್ನಷ್ಟೇ ಮಾರ್ಪಡಿಸಿ ಒಳ್ಳೆಯ ರೂಢಿಯತ್ತ ಒಲಿಸುವ ಕ್ರಮಕ್ಕೆ 'ನಡ್ಜ್' ಎಂದು ಹೆಸರು. ಕನ್ನಡದಲ್ಲಿ ಮೃದು ಪ್ರೇರಣೆ ಎನ್ನಬಹುದು. ರಿಚರ್ಡ್ ಥೇಲರ್ ಹಾಗೂ ಕ್ಯಾಸ್ ಸನ್‌ಸ್ಟೀನ್ 2008ರ ತಮ್ಮ ಗ್ರಂಥದಿಂದ ಇದನ್ನು ಪ್ರಚುರಪಡಿಸಿದರು. ಥೇಲರ್ ಅವರಿಗೆ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರ ಸಂದಿತು.

ಈ ಬಗೆಯ ಪ್ರಯೋಗವೊಂದು ನಮ್ಮ ನೆರೆಯಲ್ಲೇ ನಡೆದಿದೆ. ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಮಧುಮೇಹದ ಹೊಸ್ತಿಲಲ್ಲಿದ್ದ 537 ಪುರುಷರನ್ನು ಎರಡು ಗುಂಪು ಮಾಡಿದರು. ಆಹಾರ, ವ್ಯಾಯಾಮಗಳ ಸಲಹೆ ಎಲ್ಲರಿಗೂ ದೊರೆಯಿತು. ಒಂದು ಗುಂಪಿಗೆ ಮಾತ್ರ ಮೊಬೈಲಿನಲ್ಲಿ ಆಗಾಗ್ಗೆ ಕಿರುಸಂದೇಶಗಳು ಬರುತ್ತಿದ್ದವು. ಎರಡು ವರ್ಷಗಳಲ್ಲಿ ಸಂದೇಶ ಪಡೆದವರ ಪೈಕಿ ಶೇ. 18, ಉಳಿದವರ ಪೈಕಿ ಶೇ. 27 ಮಂದಿ ಮಧುಮೇಹಿಗಳಾದರು. ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಅಡುಗೆಮನೆಯ ಒಡತಿಯರು ಈ ಅಧ್ಯಯನದಲ್ಲಿ ಇರಲಿಲ್ಲವೆಂಬುದು ಸಣ್ಣ ಕೊರತೆಯೇನಲ್ಲ.

ಮನೆಯಲ್ಲಿ ಮೊದಲು ಊಟದ ಮೇಜಿನಿಂದ ಉಪ್ಪಿನ ಬಟ್ಟಲನ್ನೂ ಉಪ್ಪಿನಕಾಯಿ ಜಾಡಿಯನ್ನೂ ತೆಗೆದಿಡಬಹುದು. ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮಾತ್ರೆಗಳಿಗೆ ವಾರದ ಏಳು ಅರೆಗಳ ಡಬ್ಬಿ ಸಿಗುತ್ತದೆ. ಮೆಟ್‌ಫಾರ್ಮಿನ್ ಊಟದೊಂದಿಗೆ ನುಂಗುವ ಮಾತ್ರೆ, ಅದು ತಟ್ಟೆಗಳ ಬಳಿ ಇರಲಿ. ಖಾಲಿ ಹೊಟ್ಟೆಯ ಥೈರಾಯ್ಡ್ ಮಾತ್ರೆ ಹಾಸಿಗೆಯ ಪಕ್ಕದಲ್ಲಿ, ಮಕ್ಕಳ ಕೈಗೆಟುಕದ ಎತ್ತರದಲ್ಲಿ.