ನಮ್ಮ ಏರಿಯಾ ಹಿಸ್ಟರಿ – 6: ಗೌರಿಬಿದನೂರಿಂದ ನಡ್ಕೊಂಡು ಬಂದ ಹುಡುಗ

ಫ್ರೆಂಡ್ಸ್, ಜಯನಗರ 7ನೇ ಬ್ಲಾಕ್‌ನಲ್ಲಿ ಒಂದು ನ್ಯಾಷನಲ್ ಕಾಲೇಜು, ಬಸವನಗುಡಿಯಲ್ಲಿ ಇನ್ನೊಂದು, ಸಾಲದ್ದಕ್ಕೆ ಗ್ರೀನ್ ಲೈನ್‌ನಲ್ಲಿ ಅದೇ ಹೆಸರಿನ ಸ್ಟೇಷನ್ನು. ಯಾರದ್ದು ಇದೆಲ್ಲ ಅಂತ ಕ್ಲಾಸ್‌ಮೇಟ್ ಒಬ್ಬಳು ಕೇಳಿದ್ಲು. ಒಂದು ಕ್ಯಾಪ್ಷನ್‌ನಲ್ಲಿ ಮುಗಿಯೋ ಉತ್ತರ ಅಲ್ಲ. ಮೂರು ಪೋಸ್ಟ್ ಆಗುತ್ತೆ, ಓದಿ.

(1/3)

1935. ಆಗಿನ್ನೂ ಜಯನಗರ ಅನ್ನೋದೇ ಇಲ್ಲ. ನಮ್ಮ ಬಡಾವಣೆಗೆ ಅಡಿಗಲ್ಲು ಬಿದ್ದಿದ್ದು 1948ರಲ್ಲಿ. ಬಸವನಗುಡಿಯಲ್ಲಿ ಮಾತ್ರ ನ್ಯಾಷನಲ್ ಹೈಸ್ಕೂಲ್ ಇತ್ತು. 1917ರಲ್ಲಿ, ಆನಿ ಬೆಸೆಂಟ್ ಅವರ ರಾಷ್ಟ್ರೀಯ ಶಿಕ್ಷಣದ ಚಳವಳಿಯ ಕಾಲದಲ್ಲಿ ಶುರುವಾದ ಶಾಲೆ ಅದು.

ಆ ಶಾಲೆಗೆ ಸೇರಬೇಕು ಅಂತ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಒಬ್ಬ ಹುಡುಗ ಹೊರಟ. ವಯಸ್ಸು ಹದಿನೈದು. ಬಡ ಮನೆ, ಹಿಂದುಳಿದ ಸಮುದಾಯ. ಊರಿನ ಕಡೆ ಪಾಠ ಮಾಡಿದ್ದ ಎಂ.ಎಸ್. ನಾರಾಯಣರಾವ್ ಅನ್ನೋ ಮೇಷ್ಟ್ರು, ಇವನು ಓದೋ ಹುಡುಗ, ಬೆಂಗಳೂರಿಗೆ ಬರಲಿ ಅಂತ ಹುರಿದುಂಬಿಸಿದ್ರು. ಬರೋಕೆ ಚಾರ್ಜಿಗೆ ದುಡ್ಡಿಲ್ಲ. ಹಾಗಾಗಿ ನಡೆದ. ಸುಮಾರು 80 ಕಿಲೋಮೀಟರ್, ಎರಡು ದಿನ. (ನಾವು ಬನಶಂಕರಿಯಿಂದ ಜಯನಗರಕ್ಕೂ ಆಟೋ ಬುಕ್ ಮಾಡ್ತೀವಿ. ನಾನೂ ಸೇರಿ.)

ಆ ಹುಡುಗ ಎಚ್. ನರಸಿಂಹಯ್ಯ. ಬೆಂಗಳೂರಿನವರ ಬಾಯಲ್ಲಿ ಎಚ್ಚೆನ್.

(2/3)

ನಡ್ಕೊಂಡು ಬಂದಿದ್ದು ಎಲ್ಲರಿಗೂ ಗೊತ್ತಿರೋ ಕಥೆ, ಸ್ಪೀಚ್‌ಗಳಲ್ಲಿ ಹೇಳ್ತಾನೇ ಇರ್ತಾರೆ. ನನಗೆ ಅದಕ್ಕಿಂತ ಮುಖ್ಯ ಅನ್ಸೋದು ಬೇರೆ: ಬಂದ ಮೇಲೆ ಆ ರಾತ್ರಿ ಎಲ್ಲಿ ಮಲಗಿದ? ಏನು ಊಟ ಮಾಡ್ದ?

ಆ ಕಾಲಕ್ಕೆ ಪೇಟೆಗೆ ಓದೋಕೆ ಬಂದ ಬಡ ಹುಡುಗರಿಗೆ ವಾರಾನ್ನ ಅಂತ ಒಂದು ವ್ಯವಸ್ಥೆ ಇತ್ತು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ಮನೆ ಹಿಡಿದರೆ ವಾರದ ಊಟ ಆಯ್ತು. ಎಷ್ಟೋ ಜನ ದೊಡ್ಡವರು ಹಾಗೇ ಓದಿದ್ದು. ಆದ್ರೆ ಅಡುಗೆ ಮನೆಗೆ ಜಾತಿ ಇತ್ತು ನೋಡಿ. ನಿಮ್ಮ ಜಾತಿಯವರ ಮನೆಗಳು ಪೇಟೆಯಲ್ಲಿ ಇದ್ದರೆ ಊಟ ಸಿಗುತ್ತೆ. ಇಲ್ಲಾಂದ್ರೆ? ಹಳ್ಳಿಯಲ್ಲಿ ಮನೆಮಂದಿಯೆಲ್ಲ ಕೂಲಿ ಮಾಡೋ ಸಮುದಾಯದ ಹುಡುಗನಿಗೆ ಬಸವನಗುಡಿಯಲ್ಲಿ ಏಳು ಮನೆ ಎಲ್ಲಿಂದ ಬರಬೇಕು?

ಸರ್ಕಾರಕ್ಕೆ ಇದು ಗೊತ್ತಿರಲಿಲ್ಲ ಅಂತಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ್ 1918ರಲ್ಲೇ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಸಮಿತಿ ಮಾಡಿದ್ರು. ಬ್ರಾಹ್ಮಣರನ್ನು ಬಿಟ್ಟು ಉಳಿದವರಿಗೆ ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಕನಿಷ್ಠ ಅರ್ಧ ಸಿಗಬೇಕು ಅಂತ ಸಮಿತಿ 1919ರಲ್ಲಿ ಹೇಳ್ತು. ದಿವಾನ್ ವಿಶ್ವೇಶ್ವರಯ್ಯನವರಿಗೆ ಈ ದಾರಿ ಒಪ್ಪಿಗೆ ಇರಲಿಲ್ಲ, 1918ರ ಕೊನೆಗೇ ಹುದ್ದೆ ಬಿಟ್ಟಿದ್ರು. (ಈ ಜಗಳಕ್ಕೇ ಬೇರೆ ಪೋಸ್ಟ್ ಬೇಕು.) ಒಟ್ಟಿನಲ್ಲಿ ಕಾಗದದ ಮೇಲೆ ಬಾಗಿಲು ತೆರೆದಿತ್ತು. ಆ ಬಾಗಿಲವರೆಗೆ ಬರೋಕೆ ಮಾತ್ರ ಹಾಸಿಗೆ, ತಟ್ಟೆ, ಪರಿಚಯದ ಒಂದು ಮುಖ, ಇಷ್ಟೂ ಬೇಕಿತ್ತು.

ಎಚ್ಚೆನ್‌ಗೆ ಸಿಕ್ಕಿದ್ದು ಪೂರ್ ಬಾಯ್ಸ್ ಹೋಂ ಅನ್ನೋ ಬಡ ಹುಡುಗರ ನಿಲಯ. ಇವತ್ತು ನಾವು ಡೈವರ್ಸಿಟಿ ಪ್ರೋಗ್ರಾಂ, ಇನ್‌ಕ್ಲೂಷನ್ ಸೆಲ್ ಅಂತೆಲ್ಲ ಕರೆಯೋದನ್ನ ಆಗ ಹಾಸ್ಟೆಲ್ ಅಂತಿದ್ರು, ಅಷ್ಟೇ.

ಮರುವರ್ಷ, 1936ರಲ್ಲಿ, ಗಾಂಧೀಜಿ ಶಾಲೆಗೆ ಬಂದಾಗ ಅವರ ಹಿಂದಿ ಮಾತನ್ನ ಕನ್ನಡದಲ್ಲಿ ಹೇಳಿದ್ದು ಇದೇ ಹುಡುಗ. ಎರಡು ದಿನ ನಡೆದು ಬಂದವನನ್ನ ಎಲ್ಲರ ಮುಂದೆ ನಿಲ್ಸಿದ್ರಲ್ಲ, ಆ ಮೇಷ್ಟ್ರುಗಳಿಗೆ ಒಂದು ಸಲಾಂ.

(3/3)

ಮುಂದಿನದು ಬೇಗ ಹೇಳ್ತೀನಿ. 1942ರಲ್ಲಿ ಕ್ವಿಟ್ ಇಂಡಿಯಾ, ಸೆಂಟ್ರಲ್ ಕಾಲೇಜಿನ ಓದು ಅರ್ಧಕ್ಕೆ ನಿಂತು ಜೈಲು. 1946ರಲ್ಲಿ ಎಂ.ಎಸ್ಸಿ., ಅದೇ ವರ್ಷ ನ್ಯಾಷನಲ್ ಕಾಲೇಜಿನಲ್ಲಿ ಫಿಸಿಕ್ಸ್ ಮೇಷ್ಟ್ರು. 1960ರಲ್ಲಿ ಅಮೆರಿಕದ ಓಹಾಯೊದಿಂದ ಪಿಎಚ್.ಡಿ. ವಾಪಸ್ ಬಂದು ಪ್ರಿನ್ಸಿಪಾಲ್. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ. 1965ರಲ್ಲಿ ನಮ್ಮ ಜಯನಗರದ ಕಾಲೇಜು. 1972ರಿಂದ 77ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ.

ಈ ಪಟ್ಟಿ ಎಲ್ಲಾ ಕಡೆ ಸಿಗುತ್ತೆ. ನಾನು ನಿಲ್ಲೋದು ಒಂದು ಕಡೆ: ಪ್ರಿನ್ಸಿಪಾಲ್ ಆದ್ಮೇಲೂ ಅವರು ಮನೆ ಮಾಡಲಿಲ್ಲ. ಮದುವೆ ಆಗಲಿಲ್ಲ. ಖಾದಿ ಪಂಚೆ, ಜುಬ್ಬಾ, ಗಾಂಧಿ ಟೋಪಿ, ಬಸವನಗುಡಿ ಕಾಲೇಜಿನ ಹಾಸ್ಟೆಲಿನ ಒಂದು ರೂಮು. ಹುಡುಗರ ಮಧ್ಯೆನೇ ಇದ್ರು. ಹಳ್ಳಿಯಿಂದ ಟ್ರಂಕ್ ಹಿಡಿದು ಬಂದವನಿಗೆ ದೊಡ್ಡ ಮೇಷ್ಟ್ರು ಅಲ್ಲೇ, ಅದೇ ಹಾಸ್ಟೆಲಿನಲ್ಲಿ ಸಿಗ್ತಿದ್ರು. ತಾವು ನಡೆದು ಬಂದ ಕಡೆಗೇ ತಿರುಗಿ ಹೋಗಿ ಗೌರಿಬಿದನೂರು, ಬಾಗೇಪಲ್ಲಿಯಲ್ಲೂ ನ್ಯಾಷನಲ್ ಕಾಲೇಜು ತೆರೆಸಿದ್ರು. ಅಲ್ಲಿಯ ಮಕ್ಕಳು ಓದೋಕೆ ಅಷ್ಟು ದೂರ ನಡೆಯೋದು ತಪ್ತು. 2005ರ ಜನವರಿ 31ರಂದು ತೀರ್ಕೊಂಡ್ರು. ಅವರ ಆತ್ಮಕಥೆ 'ಹೋರಾಟದ ಹಾದಿ', ಲೈಬ್ರರಿಯಲ್ಲಿ ಸಿಕ್ರೆ ಬಿಡಬೇಡಿ.

ಒಂದು ತಕರಾರು ಮಾತ್ರ ನನಗಿದೆ. ಈ ಹಾಸ್ಟೆಲ್ ಕಥೆಗಳಲ್ಲೆಲ್ಲ ಬರೀ ಹುಡುಗ್ರು. 1935ರಲ್ಲಿ ಹೊಸೂರಿನ ಒಬ್ಬ ಹುಡುಗಿಗೆ ಎರಡು ದಿನ ಒಂಟಿಯಾಗಿ ನಡೆಯೋಕೆ ಯಾರು ಬಿಡ್ತಿದ್ರು?

ಇಷ್ಟೆಲ್ಲ ಯಾಕೆ ಈಗ ಅಂದ್ರೆ, ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೆಯವಳು ನಾನು. ಅಪ್ಪ ಆಟೋ, ಅಮ್ಮ ಗಾರ್ಮೆಂಟ್ಸ್. ಫಸ್ಟ್ ಇಯರ್‌ನಲ್ಲಿ, ನನ್ನಂಥವರಿಗೆ ಅಂತಾನೇ ಇರೋ ಒಂದು ಪ್ರೋಗ್ರಾಂನಲ್ಲಿ ಸೇರಿಸಿದ್ರು. ಲೆಕ್ಚರ್, ಸರ್ಟಿಫಿಕೇಟ್ ಯಾವುದೂ ಈಗ ನೆನಪಿಲ್ಲ. ನೆನಪಿರೋದು ಒಬ್ಬ ಸೀನಿಯರ್ ಅಕ್ಕ. ಸ್ಕಾಲರ್‌ಶಿಪ್ ಫಾರಂ ಮೂರು ಸಲ ವಾಪಸ್ ಬಂದಾಗ ನಾಲ್ಕನೇ ಸಲ ಕ್ಯೂನಲ್ಲಿ ನನ್ನ ಜೊತೆ ಎರಡು ಗಂಟೆ ನಿಂತಿದ್ರು.

ಈ ವರ್ಷ ಮೆಂಟರ್ ಲಿಸ್ಟ್‌ನಲ್ಲಿ ನನ್ನ ಹೆಸರಿದೆ. ನಾಲ್ಕು ಜನ ಜೂನಿಯರ್ಸ್. ನಂಗೇ ಇನ್ನೂ ಇಂಗ್ಲಿಷಲ್ಲಿ ಪ್ರೆಸೆಂಟೇಷನ್ ಅಂದ್ರೆ ಕೈ ನಡುಗುತ್ತೆ, ನಾನೇನು ಹೇಳಿಕೊಡ್ಲಿ ಅಂತ ಬೇಡ ಅನ್ನೋಕೆ ಹೊರಟಿದ್ದೆ. ಅಷ್ಟರಲ್ಲಿ ಪಾವಗಡ ಕಡೆಯ ಒಬ್ಬಳ ಮೆಸೇಜು: "ಅಕ್ಕಾ, ಶನಿವಾರ ಬೆಳಗ್ಗೆ ಮೆಜೆಸ್ಟಿಕ್‌ಗೆ ಬರ್ತೀನಿ. ಅಲ್ಲಿಂದ ಪಿಜಿಗೆ ಯಾವ ಬಸ್ಸು?"

ಬಸ್ ನಂಬರ್ ಟೈಪ್ ಮಾಡಿ ಅಳಿಸ್ದೆ. "ಅಲ್ಲೇ ಇರು, ನಾನೇ ಬರ್ತೀನಿ" ಅಂತ ಕಳಿಸಿದ್ದೀನಿ.

#ನಮ್ಮಏರಿಯಾಹಿಸ್ಟರಿ #ಜಯನಗರ #ಬಸವನಗುಡಿ #ಎಚ್ಚೆನ್