ಸಿಪಾಯಿ ಹೋದ ಮೇಲೆ ಕಟ್ಟಡದ ಗತಿ



ಯುದ್ಧಕ್ಕಾಗಿ ಕಟ್ಟಿದ ಮನೆ, ಯುದ್ಧ ಮುಗಿದ ಮೇಲೆ ಏನಾಗಬೇಕು? ಕೆಡವಬೇಕೋ, ಬೀಗ ಹಾಕಬೇಕೋ, ಜನರ ಕೈಗೆ ಕೊಡಬೇಕೋ?

ಬೆಂಗಳೂರಿನ ಕಬ್ಬನ್ ರಸ್ತೆಯಲ್ಲಿ ಬಿ.ಆರ್.ವಿ. ಎಂಬ ಚಿತ್ರಮಂದಿರವಿತ್ತು. ಬೆಂಗಳೂರು ರೈಫಲ್ ವಾಲಂಟಿಯರ್ಸ್ ಎಂಬುದು ಆ ಮೂರಕ್ಷರಗಳ ಅರ್ಥ. ಅದು 1868ರಲ್ಲಿ ಹುಟ್ಟಿದ ದಳ. ಯುರೋಪಿಯನ್ನರೂ ಆಂಗ್ಲೋ-ಇಂಡಿಯನ್ನರೂ ತಮ್ಮ ನೌಕರಿಯ ಜೊತೆಗೇ ಅಲ್ಲಿ ಬಂದೂಕಿನ ತಾಲೀಮು ಮಾಡುತ್ತಿದ್ದರು. ಆ ದಳದ ಕಟ್ಟಡದಲ್ಲಿ ಮುಂದೆ ಇಂಗ್ಲಿಷ್ ಚಿತ್ರಗಳು ಓಡಿದವು. ಕಾಲಾನಂತರ ಚಿತ್ರಮಂದಿರವೂ ನಿಂತು, ಅದು ಸೈನಿಕರ ಕ್ಯಾಂಟೀನ್ ಆಯಿತು. ಹಳಬರ ಬಾಯಲ್ಲಿ ಮಾತ್ರ ಅದು ಇನ್ನೂ ಬಿ.ಆರ್.ವಿ.ಯೇ.

ನ್ಯೂಯಾರ್ಕಿನಲ್ಲಿ ಫೋರ್ಟ್ ವಾಷಿಂಗ್ಟನ್ ಎಂಬ ಬೀದಿಯಿದೆ. ಅಲ್ಲಿ 1911ರಲ್ಲಿ ಒಂದು ಪಡೆಗಾಗಿ ಆಯುಧಶಾಲೆ ಕಟ್ಟಿದರು. 1980ರ ದಶಕದಲ್ಲಿ ಅದು ಮನೆಯಿಲ್ಲದವರು ಮಲಗುವ ತಾಣವಾಗಿತ್ತು. 1993ರಲ್ಲಿ ಅದೇ ಸೂರಿನ ಕೆಳಗೆ ಓಟದ ಪಥ ಸಿದ್ಧವಾಯಿತು. ಇಂದು ಶಾಲೆ-ಕಾಲೇಜಿನ ಮಕ್ಕಳು ಅಲ್ಲಿ ಚಳಿಗಾಲದಲ್ಲೂ ಓಡುತ್ತಾರೆ. ಇದಕ್ಕೆ ಕಾರಣ ಸರಳ. ಕವಾಯತಿಗೆ ನಡುವೆ ಕಂಬವಿಲ್ಲದ ವಿಶಾಲ ಅಂಗಳ ಬೇಕು, ಓಟಕ್ಕೂ ಅದೇ ಬೇಕು.

ಆದರೆ ಎಲ್ಲ ಸೈನಿಕ ಕಟ್ಟಡಗಳೂ ಹೀಗೆ ಒಗ್ಗುವುದಿಲ್ಲ. ನಾವು ಹುಡೇವು ಎಂದರೂ, ಮರಾಠಿಯವರು ಬುರೂಜ ಎಂದರೂ, ಅದು ಸೂರಿಲ್ಲದ ಕಲ್ಲಿನ ಕಾವಲುಗಾರ. ವಿಜಯಪುರದ ಉಪಲಿ ಬುರುಜವನ್ನು 1584ರಲ್ಲಿ ಹೈದರ್ ಖಾನ್ ಕಟ್ಟಿಸಿದ. ಹೊರಗೋಡೆಯನ್ನು ಸುತ್ತುವ ಮೆಟ್ಟಿಲು ಹತ್ತಿ ಊರು ನೋಡುವುದೇ ಅಲ್ಲಿನ ಆನಂದ. ಅಂಥ ರಕ್ಷಿತ ಸ್ಮಾರಕಕ್ಕೆ 1958ರ ಕಾಯ್ದೆಯ ಕಾವಲಿದೆ, ಮನಬಂದಂತೆ ಮೊಳೆ ಹೊಡೆಯುವಂತಿಲ್ಲ.

ಬ್ಯಾಂಕಿನಲ್ಲಿ ಜಮಾ-ಖರ್ಚು ಬರೆದ ನನಗೆ ಇಲ್ಲಿ ಲೆಕ್ಕವೇ ಮುಖ್ಯವಾಗಿ ಕಾಣುತ್ತದೆ. ಬಳಸದ ಕಟ್ಟಡ ಸೋರುತ್ತದೆ, ಸೋರಿದ್ದು ಬೀಳುತ್ತದೆ. ಬಳಸಿದರೆ ಬಾಗಿಲು ತೆರೆಯುವವರು, ಗುಡಿಸುವವರು, ಹೆಂಚು ಸರಿಪಡಿಸುವವರು ಇರುತ್ತಾರೆ. ಆದರೆ ವರ್ಷವರ್ಷದ ದುರಸ್ತಿಗೆ ಹಣ ಎಲ್ಲಿಂದ ಎಂಬುದನ್ನು ಉದ್ಘಾಟನೆಗೆ ಮೊದಲೇ ಬರೆದಿಡಬೇಕು. ಬಾಗಿಲ ಮೇಲೆ ಹಳೆಯ ಹೆಸರನ್ನೂ ಉಳಿಸಬೇಕು.

ನಮ್ಮ ಶೇಗಾಂವದ ಬಿಸಿಲಿಗೆ ಮಕ್ಕಳ ಆಟಕ್ಕೊಂದು ನೆರಳು ಬೇಕೆಂದು ಯಾರಿಗೆ ಅನಿಸದು? ಜತ್ತ ಸೀಮೆಯ ಯಾವುದೇ ಊರಿನಲ್ಲಿ ಹಳೆಯ ಗಟ್ಟಿ ಗೋಡೆ ಕಂಡರೆ, ಕಲ್ಲು ಕೀಳುವ ಮೊದಲು ಹಿರಿಯರು ಕೂಡಿ ಕುಳಿತು ಒಮ್ಮೆ ವಿಚಾರ ಮಾಡಲಿ. ಕೆಡವಿದ ಗೋಡೆಯನ್ನು ಹೊಸ ಕಲ್ಲಿನಿಂದ ಕಟ್ಟಬಹುದು, ಅದರ ವಯಸ್ಸನ್ನು ಕಟ್ಟಲಾಗದು.