ತಾರೆಯರು ಹೋದ ಮೇಲೆ ಒಕ್ಲಹೋಮ ಸಿಟಿ

ಅಮೆರಿಕದ ಒಕ್ಲಹೋಮ ಸಿಟಿಗೆ ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ತಂಡ ಬಂದದ್ದು 2008ರಲ್ಲಿ. ಸಿಯಾಟಲ್‌ನಲ್ಲಿ ನಾಲ್ಕು ದಶಕ ಆಡಿದ್ದ ಸೂಪರ್‌ಸಾನಿಕ್ಸ್ ತಂಡ ಮಾಲೀಕರು ಬದಲಾದ ಮೇಲೆ ಆ ಊರು ಬಿಟ್ಟು ಇಲ್ಲಿಗೆ ಬಂದು ಥಂಡರ್ ಎನಿಸಿಕೊಂಡಿತು. ಸುಮಾರು 7 ಲಕ್ಷ ಜನರ ಈ ನಗರ ಲಾಸ್ ಏಂಜಲೀಸ್‌ನಂತೆ ಹೆಸರಾಂತ ಆಟಗಾರರನ್ನು ಸೆಳೆಯುವ ಊರಲ್ಲ. ಇಂಥ ತಂಡಕ್ಕೆ ಮುಖ್ಯ ಆಸರೆ ಡ್ರಾಫ್ಟ್, ಅಂದರೆ ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ವಾರ್ಷಿಕ ಪದ್ಧತಿ. ಹೆಚ್ಚು ಸೋತವರಿಗೆ ಮೊದಲ ಸರದಿಗಳು ಸಿಗುವ ಸಂಭವ ಹೆಚ್ಚು.

ವ್ಯವಸ್ಥಾಪಕ ಸ್ಯಾಮ್ ಪ್ರೆಸ್ಟಿ 2007ರಿಂದ 2009ರೊಳಗೆ ಕೆವಿನ್ ಡುರಾಂಟ್, ರಸೆಲ್ ವೆಸ್ಟ್‌ಬ್ರೂಕ್, ಜೇಮ್ಸ್ ಹಾರ್ಡನ್ ಮೂವರನ್ನೂ ಹೀಗೇ ಆರಿಸಿದರು. 2012ರಲ್ಲಿ ತಂಡ ಫೈನಲ್ ತಲುಪಿ ಮಯಾಮಿ ಎದುರು ಸೋತಿತು. ಅದೇ ಅಕ್ಟೋಬರ್‌ನಲ್ಲಿ ಹಾರ್ಡನ್ ಹ್ಯೂಸ್ಟನ್ ಪಾಲಾದರು. 2016ರಲ್ಲಿ ಒಪ್ಪಂದ ಮುಗಿದ ಡುರಾಂಟ್ ಗೋಲ್ಡನ್ ಸ್ಟೇಟ್ ತಂಡ ಸೇರಿದಾಗ ಥಂಡರ್‌ಗೆ ಬದಲಿಗೆ ಏನೂ ದಕ್ಕಲಿಲ್ಲ. ಚಿಕ್ಕ ಊರಿನ ತಂಡಕ್ಕೆ ಇದಕ್ಕಿಂತ ದೊಡ್ಡ ಪೆಟ್ಟಿಲ್ಲ.

2019ರ ಜುಲೈನಲ್ಲಿ ತಂಡದ ಇನ್ನೊಬ್ಬ ತಾರೆ ಪಾಲ್ ಜಾರ್ಜ್ ತಮ್ಮನ್ನು ಬೇರೆಡೆಗೆ ಕಳಿಸುವಂತೆ ಕೇಳಿದಾಗ ಪರಿಸ್ಥಿತಿ ಬೇರೆಯಿತ್ತು. ಅವರ ಒಪ್ಪಂದ ಇನ್ನೂ ಮುಗಿದಿರಲಿಲ್ಲ. ಅವರನ್ನು ಪಡೆಯಲು ಲಾಸ್ ಏಂಜಲೀಸ್ ಕ್ಲಿಪ್ಪರ್ಸ್ ಐದು ಮೊದಲ ಸುತ್ತಿನ ಡ್ರಾಫ್ಟ್ ಸರದಿಗಳು, ಎರಡು ಸರದಿ ಅದಲುಬದಲಿನ ಹಕ್ಕು, ಡನಿಲೊ ಗಲಿನಾರಿ ಹಾಗೂ ಕೆನಡಾದ ಯುವಕ ಶೇ ಗಿಲ್ಜಸ್-ಅಲೆಕ್ಸಾಂಡರ್ ಅವರನ್ನು ಕೊಟ್ಟಿತು. ಕೆಲವೇ ದಿನಗಳಲ್ಲಿ ವೆಸ್ಟ್‌ಬ್ರೂಕ್ ಕೂಡ ಹ್ಯೂಸ್ಟನ್‌ಗೆ ಹೋದರು. ಅವರಿಗೆ ಬದಲಾಗಿ ಕ್ರಿಸ್ ಪಾಲ್ ಜೊತೆ ಇನ್ನಷ್ಟು ಸರದಿಗಳು ಬಂದವು. ತಂಡದ ಪುನರ್ನಿರ್ಮಾಣಕ್ಕೆ ಅಡಿಪಾಯ ಬಿದ್ದದ್ದು ಆ ಒಂದೇ ತಿಂಗಳಲ್ಲಿ.

ಮುಂದಿನ ವರ್ಷಗಳು ಕಠಿಣವಾಗಿದ್ದವು. ಕ್ರಿಸ್ ಪಾಲ್ ಅವರನ್ನೂ ಬಿಟ್ಟುಕೊಟ್ಟು, 2020ರಲ್ಲಿ ಮಾರ್ಕ್ ಡೇಗ್‌ನಾಲ್ಟ್ ಎಂಬ ಯುವ ತರಬೇತುದಾರರಿಗೆ ತಂಡವನ್ನು ಒಪ್ಪಿಸಲಾಯಿತು. ಮೊದಲ ಋತುವಿನಲ್ಲಿ 22 ಗೆಲುವು, 50 ಸೋಲು. ಎರಡನೆಯದರಲ್ಲಿ 24 ಗೆಲುವು, 58 ಸೋಲು. 2021ರ ಡಿಸೆಂಬರ್ 2ರಂದು ಮೆಂಫಿಸ್‌ನಲ್ಲಿ 152–79ರ ಸೋಲು. 73 ಅಂಕಗಳ ಆ ಅಂತರ ಎನ್‌ಬಿಎ ಇತಿಹಾಸದಲ್ಲೇ ಅತಿ ದೊಡ್ಡದು. ಬೇರೆಡೆಯಾದರೆ ತರಬೇತುದಾರರ ಕೆಲಸ ಹೋಗುತ್ತಿತ್ತು. ಇಲ್ಲಿ ಯಾರನ್ನೂ ಬದಲಿಸಲಿಲ್ಲ. ಡ್ರಾಫ್ಟ್ ಸರದಿಗಳಿಗಿಂತ ಈ ತಾಳ್ಮೆಯೇ ದೊಡ್ಡ ಬಂಡವಾಳವಾಯಿತು.

2022ರ ಡ್ರಾಫ್ಟ್‌ನಲ್ಲಿ ಫಲ ಕಾಣತೊಡಗಿತು. ಎರಡನೇ ಸರದಿಯಲ್ಲಿ ಚೆಟ್ ಹೋಮ್‌ಗ್ರೆನ್ ಸಿಕ್ಕರು. ಪಾದದ ಗಾಯದಿಂದ ಅವರ ಮೊದಲ ಋತು ಪೂರ್ತಿ ವ್ಯರ್ಥವಾದರೂ ಅವರನ್ನು ಆತುರಪಡಿಸಲಿಲ್ಲ. ಹನ್ನೆರಡನೇ ಸರದಿ ಕ್ಲಿಪ್ಪರ್ಸ್ ಕೊಟ್ಟದ್ದು; ಅದರಲ್ಲಿ ಬಂದವರು ಜೇಲನ್ ವಿಲಿಯಮ್ಸ್. ಡ್ರಾಫ್ಟ್‌ನಲ್ಲಿ ಯಾರೂ ಆರಿಸದಿದ್ದ ಲೂ ಡಾರ್ಟ್ ರಕ್ಷಣೆಯ ಬೆನ್ನೆಲುಬಾದರು. ಗೆಲುವುಗಳು 40ಕ್ಕೆ, ಮರುವರ್ಷ 57ಕ್ಕೆ ಏರಿದವು. ತಂಡದ ಆಟಗಾರ ಗಿಡ್ಡಿಯನ್ನು ಬಿಟ್ಟುಕೊಟ್ಟು ಅಲೆಕ್ಸ್ ಕರೂಸೊರನ್ನು ತಂದು, ಐಸಾಯಾ ಹಾರ್ಟನ್‌ಸ್ಟೀನ್‌ರನ್ನು ಸೇರಿಸಿಕೊಂಡ 2024–25ರ ಋತುವಿನಲ್ಲಿ ತಂಡ 68 ಪಂದ್ಯ ಗೆದ್ದಿತು. 2025ರ ಜೂನ್ 22ರಂದು ಫೈನಲ್‌ನ ಏಳನೇ ಪಂದ್ಯದಲ್ಲಿ ಇಂಡಿಯಾನಾವನ್ನು 103–91ರಿಂದ ಸೋಲಿಸಿ ಒಕ್ಲಹೋಮಕ್ಕೆ ಮೊದಲ ಎನ್‌ಬಿಎ ಪ್ರಶಸ್ತಿ ತಂದಿತು. ಗಿಲ್ಜಸ್-ಅಲೆಕ್ಸಾಂಡರ್ ಋತುವಿನ ಹಾಗೂ ಫೈನಲ್‌ನ ಶ್ರೇಷ್ಠ ಆಟಗಾರರಾದರು.

ಅಷ್ಟರಲ್ಲಿ ಪಾಲ್ ಜಾರ್ಜ್ 2024ರಲ್ಲೇ ಕ್ಲಿಪ್ಪರ್ಸ್ ಬಿಟ್ಟು ಫಿಲಡೆಲ್ಫಿಯಾ ಸೇರಿದ್ದರು. ಒಪ್ಪಂದ ಮುಗಿದಿದ್ದರಿಂದ ಕ್ಲಿಪ್ಪರ್ಸ್‌ಗೆ ಬದಲಿಗೆ ಏನೂ ಸಿಗಲಿಲ್ಲ. ಅವರಿಗಾಗಿ ಅದು ಕೊಟ್ಟಿದ್ದ 2026ರ ಮೊದಲ ಸುತ್ತಿನ ಸರದಿ ಥಂಡರ್ ಪ್ರಶಸ್ತಿ ಗೆದ್ದಾಗಲೂ ಒಕ್ಲಹೋಮ ಸಿಟಿಯ ಕೈಯಲ್ಲೇ ಉಳಿದಿತ್ತು.